ಪರೀಕ್ಷೆಯ ಅಂಕ ಸಾಕೇ? ಖಾಲಾ ಕೇಳಿದ ಒಂದು ಪ್ರಶ್ನೆ

ಕಳೆದ ರಜೆಯಲ್ಲಿ ನಿಪ್ಪಾಣಿಯ ಖಾಲಾ ಮನೆಗೆ ಹೋಗಿದ್ದೆ. ಖಾಲಾ ಎಂದರೆ ನನ್ನ ಅಮ್ಮಿಯ ಅಕ್ಕ. ಅವರಿಗೆ ಈಗ 49 ವರ್ಷ. ಮದುವೆಯಾಗಿ ಬಂದ ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ಅಂದು ಸಂಜೆಯೂ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಾ ಇದ್ದರು. ನಾನು ಪಕ್ಕದಲ್ಲಿ ಕುಳಿತು ಅಕೌಂಟೆನ್ಸಿ ಲೆಕ್ಕ ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದರು: "ವೋ ಡಾಕ್ಟರ್ ಇಮ್ತಿಹಾನ್ ಪಾಸ್ ನೈ ಹುಯೇ ಥೇ ಕ್ಯಾ ಬೇಟಿ?" ಆ ಡಾಕ್ಟರು ಪರೀಕ್ಷೆ ಪಾಸಾಗಿರಲಿಲ್ಲವೇನು ಮಗಳೇ ಎಂದು ಅದರ ಅರ್ಥ.

ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎರಡು ವರ್ಷದ ಹಿಂದೆ ಖಾಲಾ ಒಂದು ಊರಿನಲ್ಲಿ ಮ್ಯಾಮೊಗ್ರಾಂ ಮಾಡಿಸಿಕೊಂಡಿದ್ದರು. ವರದಿಯಲ್ಲಿ 'ನಾರ್ಮಲ್' ಎಂದು ಬಂತು. ಅಂದು ಮನೆಗೆ ಪೇಢೆ ತಂದಿದ್ದರು. ಹನ್ನೊಂದು ತಿಂಗಳ ನಂತರ ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಬೇರೆ ಊರಿನ ಡಾಕ್ಟರು ಹಳೆಯ ಫಿಲ್ಮ್ ಮತ್ತು ಹೊಸ ಫಿಲ್ಮ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಹೀಗೆ ಹೇಳಿದರಂತೆ: "ಈಗ ಜಾಗ ಗೊತ್ತಿದೆ, ಹಾಗಾಗಿ ಹಳೆಯದರಲ್ಲೂ ಒಂದು ಮಸುಕು ಕಾಣುತ್ತದೆ. ಅಂದು ಇದು ನನ್ನ ಕೈಗೆ ಬಂದಿದ್ದರೆ ನಾನು ಹಿಡಿಯುತ್ತಿದ್ದೆನೋ ಇಲ್ಲವೋ ಹೇಳಲಾರೆ."

ಆಪರೇಷನ್ ಆಯಿತು. ಕೀಮೋ ಆಯಿತು. ಕೂದಲು ಹೋಗಿ ಮತ್ತೆ ಬಂತು. ಈಗ ದಿನಾ ಒಂದು ಮಾತ್ರೆ. ಖಾಲಾ ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಊರು ಹಾಕು. ನಿಪ್ಪಾಣಿಯಲ್ಲಿ ನನ್ನಂಥವರು ಬಹಳ ಜನ ಇದ್ದಾರೆ" ಎಂದರು.

ಅವರ ಪ್ರಶ್ನೆಗೆ ನಾನು ಅಂದು ಥಟ್ಟನೆ ಉತ್ತರ ಕೊಟ್ಟೆ: "ಪಾಸಾಗದೆ ಡಾಕ್ಟರ್ ಆಗ್ತಾರಾ ಖಾಲಾ? ಎಂಬಿಬಿಎಸ್, ಆಮೇಲೆ ಎಂಡಿ, ಎಷ್ಟೊಂದು ಪರೀಕ್ಷೆ!" ಖಾಲಾ ಏನೂ ಅನ್ನಲಿಲ್ಲ. ಆದರೆ ನನಗೇ ಸಮಾಧಾನವಾಗಲಿಲ್ಲ. ಪರೀಕ್ಷೆ ಪಾಸಾಗಿದ್ದರೆ ತಪ್ಪು ಹೇಗಾಯಿತು? ತಪ್ಪು ಆಯಿತು ಎಂದರೆ ಆ ಪರೀಕ್ಷೆ ಏನನ್ನು ಅಳೆಯಿತು? ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ, ವಾಣಿಜ್ಯ ವಿಭಾಗದವಳು. ಆದರೂ ಈ ವಿಷಯವನ್ನು ಓದತೊಡಗಿದೆ. ಓದುತ್ತಾ ಹೋದಂತೆ ಇದು ನಮ್ಮ ವಿಷಯವೂ ಹೌದು ಎನಿಸಿತು. ಕಾರಣ, ಇದು ಲೆಕ್ಕ ಇಡುವ ವಿಷಯ.

ಮೊದಲು ರೇಡಿಯಾಲಜಿಸ್ಟರ ಕೆಲಸ ಏನೆಂದು ನೋಡೋಣ. ಮ್ಯಾಮೊಗ್ರಾಂ ಎಂದರೆ ಎದೆಯ ಎಕ್ಸ್-ರೇ. ಸಾಮಾನ್ಯವಾಗಿ ಒಂದೊಂದು ಕಡೆಗೆ ಎರಡರಂತೆ ನಾಲ್ಕು ಚಿತ್ರ ತೆಗೆಯುತ್ತಾರೆ. ಗಡ್ಡೆ ಬಿಳಿಯಾಗಿ ಕಾಣುತ್ತದೆ. ಆದರೆ ಎದೆಯ ಗ್ರಂಥಿಗಳೂ ಬಿಳಿಯಾಗಿಯೇ ಕಾಣುತ್ತವೆ. ವಯಸ್ಸು ಕಡಿಮೆ ಇರುವ ಹೆಂಗಸರಲ್ಲಿ ಈ ಬಿಳಿ ಇನ್ನೂ ದಟ್ಟ. ಹಾಗಾಗಿ ಬಿಳಿಯಲ್ಲಿ ಬಿಳಿಯನ್ನು ಹುಡುಕುವ ಕೆಲಸ ಇದು. ಎಷ್ಟು ನುರಿತವರಾದರೂ ಕೆಲವು ತಪ್ಪಿ ಹೋಗುತ್ತವೆ. ಕೆಲವು ಕ್ಯಾನ್ಸರ್ ಆ ದಿನ ಚಿತ್ರದಲ್ಲಿ ಇರುವುದೇ ಇಲ್ಲ, ಆಮೇಲೆ ಬೆಳೆಯುತ್ತವೆ. ಇದನ್ನು ತಿಳಿದ ಮೇಲೆ ನನ್ನ ಅರ್ಧ ಸಿಟ್ಟು ಇಳಿಯಿತು.

ಇಂಗ್ಲೆಂಡಿನಲ್ಲಿ ಸರ್ಕಾರವೇ 50 ದಾಟಿದ ಹೆಂಗಸರನ್ನು ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂಗೆ ಕರೆಯುತ್ತದೆ. ಒಂದೊಂದು ಚಿತ್ರವನ್ನೂ ಇಬ್ಬರು ನೋಡುತ್ತಾರೆ. ಹೀಗೆ ನೋಡುವವರು ವರ್ಷಕ್ಕೆ ಕನಿಷ್ಠ 5000 ಹೆಂಗಸರ ಚಿತ್ರ ನೋಡಬೇಕೆಂಬ ನಿಯಮವಿದೆ. ಅವರಿಗೆ 'ಪರ್ಫಾರ್ಮ್ಸ್' ಎಂಬ ಒಂದು ಪರೀಕ್ಷೆಯೂ ಇದೆ. 60 ಹೆಂಗಸರ ಹಳೆಯ ಚಿತ್ರಗಳನ್ನು ಕೊಡುತ್ತಾರೆ. ಯಾರಿಗೆ ಕ್ಯಾನ್ಸರ್ ಇತ್ತು, ಯಾರಿಗೆ ಇರಲಿಲ್ಲ ಎಂಬುದು ಪರೀಕ್ಷೆ ನಡೆಸುವವರಿಗೆ ಮೊದಲೇ ಗೊತ್ತಿರುತ್ತದೆ. ಉತ್ತರ ಬರೆದ ಮೇಲೆ ಅಂಕ ಸಿಗುತ್ತದೆ.

ಇಂಥ ಪರೀಕ್ಷೆ ಏಕೆ ಬೇಕು, ದಿನದ ಕೆಲಸವನ್ನೇ ನೋಡಿ ಅಂಕ ಕೊಡಬಾರದೇ ಎಂದು ನಾನೂ ಯೋಚಿಸಿದೆ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಅಲ್ಲಿ ತಪಾಸಣೆಗೆ ಬಂದ 1000 ಹೆಂಗಸರಲ್ಲಿ ಕ್ಯಾನ್ಸರ್ ಇರುವವರು ಎಂಟೊಂಬತ್ತು ಜನ. ಎಂಟು ಎಂದೇ ಇಟ್ಟುಕೊಳ್ಳಿ. ಒಬ್ಬ ಡಾಕ್ಟರು ವರ್ಷಕ್ಕೆ 1000 ಚಿತ್ರ ನೋಡಿದರೆ ಅವರಿಗೆ ಸಿಗುವ ಕ್ಯಾನ್ಸರ್ 8. ಒಂದು ತಪ್ಪಿದರೆ ಅವರ ಅಂಕ ಶೇ 87.5. ಎರಡು ತಪ್ಪಿದರೆ ಶೇ 75. ಒಂದೇ ಒಂದು ಚಿತ್ರದಿಂದ ಪ್ರಥಮ ದರ್ಜೆಯೂ ದ್ವಿತೀಯ ದರ್ಜೆಯೂ ಅದಲುಬದಲಾದರೆ ಆ ಅಂಕವನ್ನು ನಂಬುವುದು ಹೇಗೆ? ಅಲ್ಲದೆ ತಪ್ಪಿದ್ದು ಗೊತ್ತಾಗುವುದೇ ಒಂದೆರಡು ವರ್ಷದ ನಂತರ, ಖಾಲಾಗೆ ಗೊತ್ತಾದ ಹಾಗೆ. ಅಷ್ಟು ದಿನ ಕಾಯದೆ, ಕ್ಯಾನ್ಸರ್ ಹೆಚ್ಚಾಗಿರುವ ಚಿತ್ರಗಳನ್ನು ಒಟ್ಟಿಗೆ ಕೊಟ್ಟರೆ ಒಂದೇ ದಿನದಲ್ಲಿ ಯಾರಿಗೆ ಎಲ್ಲಿ ತೊಂದರೆ ಎಂದು ತಿಳಿಯುತ್ತದೆ. ಆದ್ದರಿಂದ ಪರೀಕ್ಷೆ ವ್ಯರ್ಥ ಎಂದು ನಾನು ಹೇಳುವುದಿಲ್ಲ.

ಆದರೆ ಆ ಅಂಕ ದಿನದ ಕೆಲಸವನ್ನು ಹಾಗೆಯೇ ತೋರಿಸುತ್ತದೆಯೇ? ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಪರ್ಫಾರ್ಮ್ಸ್ ಪರೀಕ್ಷೆ ಬರೆದ 552 ಜನರ ಉತ್ತರಗಳನ್ನು ನೋಡಿದ್ದಾರೆ. ಸರಾಸರಿಯಾಗಿ 100 ಕ್ಯಾನ್ಸರ್‌ಗಳಲ್ಲಿ 90 ಹಿಡಿದಿದ್ದರು. ಒಳ್ಳೆಯ ಅಂಕವೇ. ಆದರೆ ಕ್ಯಾನ್ಸರ್ ಇಲ್ಲದ 100 ಜನರಲ್ಲಿ 76 ಜನರನ್ನು ಮಾತ್ರ ಸರಿಯಾಗಿ ಬಿಟ್ಟಿದ್ದರು. ಉಳಿದ 24 ಜನರ ಮೇಲೆ ಅನುಮಾನ ಪಟ್ಟಿದ್ದರು. ಇದೇ ರೀತಿ ದಿನವೂ ನಡೆದರೆ 1000 ಹೆಂಗಸರಲ್ಲಿ ಏನೂ ಇಲ್ಲದ ಸುಮಾರು 238 ಜನರನ್ನು ಮತ್ತೆ ಬನ್ನಿ ಎಂದು ಕರೆಯಬೇಕಾಗುತ್ತದೆ. ನಿಜವಾಗಿ ಅಲ್ಲಿ ಕರೆಯುವುದು 1000ಕ್ಕೆ ಸುಮಾರು 40 ಜನರನ್ನು. ಅಂದರೆ ಪರೀಕ್ಷಾ ಕೊಠಡಿಯಲ್ಲಿ ಇರುವ ಅದೇ ಕಣ್ಣು ದಿನದ ಕೆಲಸದಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಕಷ್ಟದ ಚಿತ್ರಗಳನ್ನೇ ಆರಿಸಿ ಇಟ್ಟಿರುತ್ತಾರೆ. ಜೊತೆಗೆ ನೋಡುವ ಎರಡನೆಯವರು ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಅನುಮಾನ ಪಟ್ಟರೆ ಯಾವ ಹೆಂಗಸೂ ರಾತ್ರಿಯೆಲ್ಲ ಅಳುವುದಿಲ್ಲ.

ನಮಗೂ ಇದು ಹೊಸದಲ್ಲ. ರಾಜ್ಯದ ಎಸೆಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳ ಬುದ್ಧಿ ಕಡಿಮೆಯಾಯಿತೇ? ಅಂಕವು ಬರೆಯುವವರನ್ನಷ್ಟೇ ಅಲ್ಲ, ಪರೀಕ್ಷೆ ನಡೆಯುವ ರೀತಿಯನ್ನೂ ತೋರಿಸುತ್ತದೆ.

ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದದ್ದು. ಕ್ಯಾನ್ಸರ್ ಇದ್ದ 50 ಚಿತ್ರ, ಇಲ್ಲದ 50 ಚಿತ್ರ ತೆಗೆದುಕೊಂಡು ಆಸ್ಪತ್ರೆಯ ದಿನದ ಕೆಲಸದಲ್ಲಿ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರು. ನೂರಾರು ಸಾಮಾನ್ಯ ಚಿತ್ರಗಳ ನಡುವೆ ಅವು ಬಂದಾಗ ಕ್ಯಾನ್ಸರ್‌ಗಳಲ್ಲಿ ಶೇ 30 ತಪ್ಪಿ ಹೋದವು. ಅವೇ ಚಿತ್ರಗಳನ್ನು ಪರೀಕ್ಷೆಯ ಹಾಗೆ, ಅರ್ಧಕ್ಕರ್ಧ ಕ್ಯಾನ್ಸರ್ ಇರುವ ಒಂದು ಕಂತೆಯಾಗಿ ಕೊಟ್ಟಾಗ ತಪ್ಪಿದ್ದು ಶೇ 12 ಮಾತ್ರ. ಅಪರೂಪಕ್ಕೆ ಬರುವುದನ್ನು ಕಣ್ಣು ಬಿಟ್ಟುಬಿಡುತ್ತದೆ. ಅಕ್ಕಿಯಲ್ಲಿ ಕಲ್ಲು ಬಹಳ ಇದ್ದರೆ ಅಮ್ಮಿ ಒಂದನ್ನೂ ಬಿಡುವುದಿಲ್ಲ. ಅಪರೂಪಕ್ಕೆ ಒಂದು ಕಲ್ಲು ಇದ್ದರೆ ಅದು ಅಬ್ಬಾ ಹಲ್ಲಿಗೇ ಸಿಗುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2008ರಲ್ಲಿ ಒಂಬತ್ತು ರೇಡಿಯಾಲಜಿಸ್ಟರ ಮೇಲೆ ನಡೆದ ಅಮೆರಿಕದ್ದೇ ಇನ್ನೊಂದು ಅಧ್ಯಯನದಲ್ಲಿ ಅವರು ಪ್ರಯೋಗದ ಕೋಣೆಗಿಂತ ದಿನದ ಕೆಲಸದಲ್ಲೇ ಚೆನ್ನಾಗಿ ನೋಡಿದ್ದರು. 2013ರ ಆಸ್ಟ್ರೇಲಿಯಾದ ಒಂದು ಅಧ್ಯಯನ ಪರೀಕ್ಷೆಯ ಅಂಕವು ನಿಜವಾದ ಕೆಲಸವನ್ನು ತಕ್ಕಮಟ್ಟಿಗೆ ತೋರಿಸುತ್ತದೆ ಎಂದಿತು. ಅರ್ಥಶಾಸ್ತ್ರದಲ್ಲಿ ನಾವು ಸಹಸಂಬಂಧ ಕಲಿತಿದ್ದೇವಲ್ಲ, ಅದರ ಭಾಷೆಯಲ್ಲಿ ಹೇಳುವುದಾದರೆ ಪರೀಕ್ಷೆಗೂ ಕೆಲಸಕ್ಕೂ ಸಂಬಂಧ ಸೊನ್ನೆಯಲ್ಲ, ಒಂದೂ ಅಲ್ಲ. ಯಾರಿಗೆ ಇನ್ನಷ್ಟು ತರಬೇತಿ ಬೇಕು ಎಂಬುದನ್ನು ಪರೀಕ್ಷೆ ಹೇಳಬಲ್ಲದು. ಖಾಲಾರಂಥವರು ಎಷ್ಟು ಜನ ತಪ್ಪಿ ಹೋದರು ಎಂಬುದನ್ನು ಅದು ಹೇಳಲಾರದು.

ಇಲ್ಲಿಗೆ ಬಂದಾಗ ನನಗೆ ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ ನೆನಪಾಯಿತು. ಎರಡೂ ಕಡೆ ಮೊತ್ತ ಸರಿಹೋದರೆ ನಮಗೆಲ್ಲ ಖುಷಿ. ಆದರೆ ನಮ್ಮ ಅಕೌಂಟೆನ್ಸಿ ಸರ್ ಮೊದಲ ದಿನವೇ ಹೇಳಿದ್ದರು: "ತಾಳೆಯಾಯಿತೆಂದು ಲೆಕ್ಕ ಸರಿ ಇದೆ ಅಂತ ತಿಳೀಬ್ಯಾಡ್ರಿ. ಒಂದು ವ್ಯವಹಾರವನ್ನ ಪೂರ್ತಿ ಬರೆಯದೇ ಬಿಟ್ರೂ ತಾಳೆ ಆಗ್ತದ." ಒಂದು ಮಾರಾಟವನ್ನು ಡೆಬಿಟ್‌ನಲ್ಲೂ ಬರೆಯಲಿಲ್ಲ, ಕ್ರೆಡಿಟ್‌ನಲ್ಲೂ ಬರೆಯಲಿಲ್ಲ ಎಂದರೆ ತಾಳೆಪಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಖಾಲಾ ಹಾಗೆ ಬರೆಯದೇ ಬಿಟ್ಟ ವ್ಯವಹಾರ. ಅವರ ವರದಿಯನ್ನು ಬರೆದ ಕಡೆ ಅವರು ಇಂದಿಗೂ 'ನಾರ್ಮಲ್'. ಚಿತ್ರ ನೋಡಿದ ಡಾಕ್ಟರಿಗೂ ತಾವು ತಪ್ಪಿದ್ದು ಗೊತ್ತಿರಲಿಕ್ಕಿಲ್ಲ. ಗೊತ್ತಾಗದ ತಪ್ಪಿನಿಂದ ಯಾರು ಏನು ಕಲಿಯಬಲ್ಲರು?

ನನ್ನ ಅಭಿಪ್ರಾಯ ಇಷ್ಟು: ಪರೀಕ್ಷೆ ಇರಲಿ, ಆದರೆ ಅದರ ಜೊತೆಗೆ ಖಾತೆ ಪುಸ್ತಕವೂ ಇರಲಿ. 'ನಾರ್ಮಲ್' ಎಂದು ಕಳುಹಿಸಿದವರಲ್ಲಿ ಆಮೇಲೆ ಎಷ್ಟು ಜನರಿಗೆ ಕ್ಯಾನ್ಸರ್ ಬಂತು ಎಂಬುದನ್ನು ಒಂದು ಕಡೆ ಬರೆಯಬೇಕು. ಅನುಮಾನದಿಂದ ಕರೆದವರಲ್ಲಿ ಎಷ್ಟು ಜನರಿಗೆ ಏನೂ ಇರಲಿಲ್ಲ ಎಂಬುದನ್ನು ಇನ್ನೊಂದು ಕಡೆ ಬರೆಯಬೇಕು. ಎರಡೂ ಕಡೆ ಬೇಕು. ಬರೀ ತಪ್ಪಿದ್ದನ್ನು ಎಣಿಸಿ ಡಾಕ್ಟರರನ್ನು ದೂರಿದರೆ ಅವರು ಹೆದರಿ ಎಲ್ಲರನ್ನೂ ಮತ್ತೆ ಕರೆಯುತ್ತಾರೆ. ಬರೀ ಸುಮ್ಮನೆ ಕರೆದದ್ದನ್ನು ಎಣಿಸಿದರೆ ಅನುಮಾನವಿದ್ದರೂ ಬಿಟ್ಟುಬಿಡುತ್ತಾರೆ. ಈ ಲೆಕ್ಕ ಶಿಕ್ಷೆಗಾಗಿ ಅಲ್ಲ, ತಿದ್ದಿಕೊಳ್ಳುವುದಕ್ಕಾಗಿ.

"ಇದೆಲ್ಲ ಇಂಗ್ಲೆಂಡಿನ ಕಥೆ, ನಮ್ಮ ಚಿಕ್ಕೋಡಿ, ರಾಯಬಾಗಕ್ಕೆ ಏನು ಸಂಬಂಧ?" ಎಂದು ಗೆಳತಿಯೊಬ್ಬಳು ಕೇಳಿದಳು. ಸಂಬಂಧ ಇದೆ. ನಮ್ಮ ದೇಶದಲ್ಲಿ ಎಲ್ಲ ಹೆಂಗಸರಿಗೂ ಮ್ಯಾಮೊಗ್ರಾಂ ಮಾಡುವ ಸರ್ಕಾರಿ ಕಾರ್ಯಕ್ರಮ ಇಲ್ಲ. 2016ರ ಕೇಂದ್ರ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಹೆಂಗಸರ ಎದೆಯನ್ನು ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಕೈಯಿಂದ ಮುಟ್ಟಿ ತಪಾಸಣೆ ಮಾಡಬೇಕು. ಆಶಾ ಅಕ್ಕ ಮನೆಗೆ ಬಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯೂ 2024ರಲ್ಲಿ ಕೋಲಾರದಿಂದ ಆರಂಭವಾಗಿದೆ. ಹಾಗಾಗಿ ಅಥಣಿಯ ಒಂದು ಹಳ್ಳಿಯಲ್ಲಿ ಮೊದಲ ತಪಾಸಣೆ ಎಂದರೆ ಯಂತ್ರವಲ್ಲ, ಒಬ್ಬ ಸಿಸ್ಟರ್ ಕೈ. ಅವರ ತರಬೇತಿಯ ಕೊನೆಗೆ ಪರೀಕ್ಷೆ ಇಟ್ಟರೆ ಅಲ್ಲಿಯೂ ಇದೇ ಪ್ರಶ್ನೆ: ಪರೀಕ್ಷೆಯಲ್ಲಿ ಗಂಟು ಹಿಡಿದ ಕೈ ಒಂದು ದಿನಕ್ಕೆ ಹತ್ತಾರು ಮನೆ ಸುತ್ತಿದ ಮೇಲೂ ಹಿಡಿಯುತ್ತದೆಯೇ? ನಾಳೆ ಎಐ ಯಂತ್ರ ಬಂದರೂ ಇದೇ ಪ್ರಶ್ನೆ. ನಾನು ಮೇಲೆ ಹೇಳಿದ 2023ರ ಅಧ್ಯಯನದಲ್ಲಿ ಒಂದು ಎಐ ಕೂಡ ಅದೇ ಪರೀಕ್ಷೆ ಬರೆದು ಮನುಷ್ಯರಷ್ಟೇ ಅಂಕ ತೆಗೆದಿತ್ತು. ಅದೂ ಪರೀಕ್ಷೆಯ ಅಂಕವೇ.

ಖಾತೆ ಪುಸ್ತಕ ಇಡುವುದು ನಮ್ಮಂಥ ದೇಶದಲ್ಲಿ ಸಾಧ್ಯವಿಲ್ಲ ಎನ್ನುವವರಿಗೆ ಮುಂಬಯಿಯ ಉದಾಹರಣೆ ಇದೆ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಮುಂಬಯಿಯ ಬಡ ಬಡಾವಣೆಗಳ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಬಡಾವಣೆಗಳಲ್ಲಿ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ತಪಾಸಣೆ ಮಾಡಿದರು. ಅವರು ಡಾಕ್ಟರರಲ್ಲ. 20 ವರ್ಷ ಲೆಕ್ಕ ಇಟ್ಟು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತಪಾಸಣೆ ನಡೆದ ಕಡೆ ರೋಗ ಬಹಳ ಬೆಳೆದ ಹಂತದಲ್ಲಿ ಸಿಕ್ಕವರ ಪಾಲು ಕಡಿಮೆಯಿತ್ತು. 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30 ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದರು. ಆ ಕಾರ್ಯಕರ್ತೆಯರಿಗೆ ತರಬೇತಿಯಲ್ಲಿ ಎಷ್ಟು ಅಂಕ ಬಂದಿತ್ತು ಎಂದು ಇಂದು ಯಾರೂ ಕೇಳುವುದಿಲ್ಲ. ಯಾರು ಬದುಕಿದರು, ಯಾರು ಹೋದರು ಎಂಬ ಲೆಕ್ಕವೇ ಅವರ ಅಂಕಪಟ್ಟಿ.

ಆದರೆ ನಮ್ಮ ಐದು ತಾಲೂಕುಗಳಲ್ಲಿ ಇನ್ನೊಂದು ತೊಡಕಿದೆ. ನಾವು ಗಡಿಯವರು. ಕಾಗವಾಡದವರಿಗೆ ಮಿರಜ್ ಕೂಗಳತೆಯಲ್ಲಿದೆ. ನಿಪ್ಪಾಣಿಯವರು ಕೊಲ್ಹಾಪುರದ ಬಸ್ ಹತ್ತುತ್ತಾರೆ. ಅಥಣಿಯವರಿಗೆ ಬೆಳಗಾವಿ ನೂರು ಕಿಲೋಮೀಟರಿಗಿಂತ ದೂರ. ಅವರು ಸಾಂಗಲಿ, ಮಿರಜ್‌ಗೆ ಹೋಗುತ್ತಾರೆ. ತಪಾಸಣೆ ಕರ್ನಾಟಕದಲ್ಲಿ, ಚಿಕಿತ್ಸೆ ಮಹಾರಾಷ್ಟ್ರದಲ್ಲಿ. ಇಲ್ಲಿ 'ಏನಿಲ್ಲ' ಎಂದು ಬರೆದ ಹೆಸರು ಅಲ್ಲಿ 'ಕ್ಯಾನ್ಸರ್' ಎಂದು ಬರೆದರೆ ಎರಡನ್ನೂ ಒಂದೇ ಪುಟದಲ್ಲಿ ಇಡುವವರು ಯಾರು? ಗಡಿಯ ವಿಷಯದಲ್ಲಿ ಎರಡೂ ರಾಜ್ಯಗಳು ಎಷ್ಟೋ ವರ್ಷಗಳಿಂದ ವಾದ ಮಾಡುತ್ತಿವೆ. ಕ್ಯಾನ್ಸರ್‌ಗೆ ಗಡಿ ಇಲ್ಲ. ಈ ಲೆಕ್ಕವನ್ನಾದರೂ ಎರಡೂ ಸರ್ಕಾರಗಳು ಹಂಚಿಕೊಳ್ಳಬೇಕು ಎಂಬುದು ನನ್ನ ಕೋರಿಕೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಆ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅದು ಮಹಾನಗರ ಎನ್ನಬಹುದು. ಆದರೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ಹಳ್ಳಿಗಳ ಕ್ಯಾನ್ಸರ್ ನೋಂದಣಿ ಇದೆ. ಬಾರ್ಶಿ ನಮ್ಮಂಥದ್ದೇ ಬಯಲು ಸೀಮೆ. ಅಲ್ಲಿ ಆದದ್ದು ಇಲ್ಲಿಯೂ ಆಗಬಹುದು.

ಸರ್ಕಾರ ಮಾಡುವವರೆಗೆ ನಾವು ಸುಮ್ಮನಿರಬೇಕಿಲ್ಲ. ನಮ್ಮ ಮನೆಗಳಲ್ಲಿ ಮೂರು ಕೆಲಸ ಮಾಡಬಹುದು. ಒಂದು, ಅಮ್ಮಿ, ಖಾಲಾ, ಫುಫು, ದಾದಿಯವರ ಹಳೆಯ ಫಿಲ್ಮ್, ವರದಿಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿ ಇಡೋಣ. ಮುಂದಿನ ಡಾಕ್ಟರಿಗೆ ಹಳೆಯ ಚಿತ್ರವೇ ದೊಡ್ಡ ಸಹಾಯ. ಎರಡು, ವರದಿ 'ನಾರ್ಮಲ್' ಎಂದು ಬಂದರೂ ಗಂಟು, ಚರ್ಮದ ಬದಲಾವಣೆ, ತೊಟ್ಟಿನಿಂದ ರಕ್ತ ಕಂಡರೆ ಕಾಯದೆ ಮತ್ತೆ ತೋರಿಸೋಣ. 'ನಾರ್ಮಲ್' ಎಂಬುದು ಆ ದಿನದ ಆ ಚಿತ್ರದ ಮಾತು, ಮುಂದಿನ ವರ್ಷದ ಗ್ಯಾರಂಟಿಯಲ್ಲ. ಮೂರು, ಬೇರೆ ಕಡೆ ರೋಗ ಗೊತ್ತಾದರೆ ಮೊದಲು ತಪಾಸಣೆ ಮಾಡಿದವರಿಗೆ ಒಂದು ಚೀಟಿ ಬರೆದು ತಿಳಿಸೋಣ. ಜಗಳಕ್ಕಲ್ಲ, ಲೆಕ್ಕಕ್ಕೆ. ನಾಚಿಕೆ ಇದೆ ಎಂದು ನಮ್ಮ ಹೆಂಗಸರು ಈ ವಿಷಯ ಮಾತಾಡುವುದೇ ಇಲ್ಲ. ಹಯಾ ಒಳ್ಳೆಯದು. ಆದರೆ ಅದು ಜೀವ ತೆಗೆಯುವಷ್ಟು ಆಗಬಾರದು.

ಕಳೆದ ವಾರ ಖಾಲಾಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಪರೀಕ್ಷೆ, ಅಂಕ, ದಿನದ ಕೆಲಸ ಎಂದಾಗ ನಕ್ಕರು. "ನೋಡಲಿಕ್ಕೆ ಸಾಹೇಬರು ಬರ್ತಾರೆ ಅಂದ ದಿನ ಎಲ್ಲರ ಬೀಡಿಯೂ ಚೆಂದ ಇರುತ್ತೆ. ಉಳಿದ ದಿನದ್ದು ಕಟ್ಟು ಬಿಚ್ಚಿ ಎಣಿಸಿದಾಗಲೇ ಗೊತ್ತಾಗೋದು" ಎಂದರು. ನಾನು ಇಷ್ಟು ಪುಟ ಬರೆದದ್ದನ್ನು ಅವರು ಎರಡೇ ಮಾತಿನಲ್ಲಿ ಹೇಳಿದರು.

ಆಮೇಲೆ ಆ ಡಾಕ್ಟರ ಮೇಲೆ ಈಗಲೂ ಸಿಟ್ಟಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಿಟ್ಟು ಇಲ್ಲ. ಅವರಿಗೆ ಒಂದು ಚೀಟಿ ಬರಿ ಅಂದೆಯಲ್ಲ, ನನ್ನ ಪರವಾಗಿ ನೀನೇ ಬರಿ. ನನ್ನ ಹೆಸರು ಹಾಕಿಯೇ ಬರಿ. ಅವರ ಲೆಕ್ಕದಲ್ಲಿ ನಾನೂ ಇರಲಿ" ಎಂದರು.

ಆ ಚೀಟಿಯನ್ನು ಈ ಭಾನುವಾರ ಬರೆಯುತ್ತೇನೆ.